ನಿಮ್ಮ ಮಾತು ಯಾವ ಪುಸ್ತಕದಲ್ಲಿ ದಾಖಲಾಗಿದೆ?

ಪಂಚಾಯಿತಿ, ಪುರಸಭೆ, ಪಾಲಿಕೆಗಳು ಜನರ ಅಭಿಪ್ರಾಯ ಕೇಳುವ ರೀತಿ ಮತ್ತು ಕೇಳಿದ ಮೇಲೆ ಅದನ್ನು ಏನು ಮಾಡುತ್ತವೆ ಎಂಬುದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಲ ಆಯ್ದುಕೊಂಡಿದ್ದೇವೆ. ಓದುಗರ ಕೋರಿಕೆಯಂತೆ ಹೆಸರು ಹಾಕಿಲ್ಲ.

ಪ್ರಶ್ನೆ: ಪ್ರತಿ ಗ್ರಾಮಸಭೆಯಲ್ಲೂ ನೀರಿನ ಸಮಸ್ಯೆ ಹೇಳುತ್ತೇವೆ. "ಗಮನಕ್ಕೆ ಬಂದಿದೆ, ನೋಡೋಣ" ಅಂತಾರೆ. ಮುಂದಿನ ಸಭೆಯಲ್ಲೂ ಅದೇ ಕಥೆ. ಇನ್ನು ಹೇಳಿ ಏನು ಪ್ರಯೋಜನ? (ಚಿತ್ರದುರ್ಗ ಜಿಲ್ಲೆಯ ಓದುಗರು)

ಬಾಯಲ್ಲಿ ಹೇಳಿದ್ದಷ್ಟೇ ಆದರೆ ಪ್ರಯೋಜನ ಕಡಿಮೆಯೇ. ನೀವು ಮೈಕ್ ಹಿಡಿದು ಎಷ್ಟು ಹೊತ್ತು ಮಾತಾಡಿದಿರಿ ಎಂಬುದನ್ನು ಪಂಚಾಯಿತಿ ಲೆಕ್ಕಕ್ಕೆ ಇಡುವುದಿಲ್ಲ. ಲೆಕ್ಕಕ್ಕೆ ಬರುವುದು ನಡಾವಳಿ ಪುಸ್ತಕದಲ್ಲಿ ಏನು ಬರೆದರು ಎಂಬುದು. ಬಹಳಷ್ಟು ನಡಾವಳಿಗಳಲ್ಲಿ ನೀರಿನ ಬಗ್ಗೆ ಕಾಣುವುದು ಒಂದೇ ಸಾಲು: "ಕುಡಿಯುವ ನೀರಿನ ಸಮಸ್ಯೆ ಬಗ್ಗೆ ಸಾರ್ವಜನಿಕರು ಚರ್ಚಿಸಿದರು. ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು." ಯಾವ ಬೀದಿ, ಯಾವ ಕ್ರಮ, ಯಾರು ಮಾಡಬೇಕು, ಯಾವಾಗ? ಇವು ಯಾವುವೂ ಇಲ್ಲದ ಈ ಸಾಲಿನ ಮೇಲೆ ಯಾರೂ ಯಾರನ್ನೂ ಪ್ರಶ್ನಿಸಲು ಬರುವುದಿಲ್ಲ.

ಅದರ ಬದಲು ನೀವೇ ಒಂದು ಹಾಳೆಯಲ್ಲಿ ಹೀಗೆ ಬರೆದುಕೊಂಡು ಹೋಗಿ: "ಶಾಲೆ ಹಿಂದಿನ ಬೀದಿಯ ಹದಿನಾಲ್ಕು ಮನೆಗೆ ವಾರದಲ್ಲಿ ಎರಡೇ ದಿನ ನೀರು. ಮೇಲಿನ ಬೀದಿಯ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒತ್ತಡವೆಲ್ಲ ಅಲ್ಲೇ ಹೋಗುತ್ತದೆ. ವಾಲ್ವ್ ಬದಲಿಸಬೇಕು." ನೀರುಗಂಟಿಯನ್ನು ಕೇಳಿದರೆ ಇಷ್ಟು ವಿವರ ಅವರೇ ಕೊಡುತ್ತಾರೆ. ಎಲ್ಲಿ ಸೋರುತ್ತದೆ, ಯಾವ ಲೈನಿನಲ್ಲಿ ಗಾಳಿ ಕಟ್ಟುತ್ತದೆ ಎಂಬುದು ಊರಲ್ಲಿ ಅವರಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಅವರನ್ನು ಕೂರಿಸಿ ಕೇಳುವ ಪದ್ಧತಿ ಮಾತ್ರ ಯಾವ ಪಂಚಾಯಿತಿಯಲ್ಲೂ ನಾನು ಕಾಣೆ. ಅಹವಾಲನ್ನು ಓದಿ, ಹಾಳೆಯನ್ನು ಅಧ್ಯಕ್ಷರ ಕೈಗೆ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು-ಸಹಿ ಹಾಕಿಸಿಕೊಳ್ಳಿ. ನಿರ್ಣಯ ಬರೆಯುವಾಗ ಪಕ್ಕದಲ್ಲೇ ಇರಿ.

ಗ್ರಾಮಸಭೆಗಿಂತ ಮೊದಲು ವಾರ್ಡ್ ಸಭೆ ನಡೆಯಬೇಕು. ಎರಡೂ ಆರು ತಿಂಗಳಿಗೊಮ್ಮೆಯಾದರೂ ಆಗಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಜನ, ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು. ವಾರ್ಡ್ ಸಭೆಯಲ್ಲಿ ಜನ ಕಡಿಮೆ, ಗದ್ದಲ ಕಡಿಮೆ. ಹೆಂಗಸರು ಬಾಯಿ ಬಿಡುವುದೂ ಅಲ್ಲೇ ಹೆಚ್ಚು; ನೀರಿನ ವಿಷಯದಲ್ಲಿ ಆ ಮಾತು ಬಹಳ ಮುಖ್ಯ, ಕೊಡ ಹಿಡಿದು ಕಾಯುವವರು ಅವರೇ ತಾನೆ. ವಾರ್ಡ್ ಸಭೆಯ ಬೇಡಿಕೆ ಗ್ರಾಮಸಭೆಗೆ, ಅಲ್ಲಿಂದ ಕ್ರಿಯಾಯೋಜನೆಗೆ, ಅಂದರೆ ಪಂಚಾಯಿತಿ ಮಾಡಲಿರುವ ಕೆಲಸಗಳ ಪಟ್ಟಿಗೆ, ಹೋಗಬೇಕು. ಕ್ರಿಯಾಯೋಜನೆಗೆ ಸೇರದ ಕೆಲಸಕ್ಕೆ ದುಡ್ಡಿಲ್ಲ. 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಆದ್ದರಿಂದ "ಫಂಡ್ ಇಲ್ಲ" ಎಂಬ ಉತ್ತರ ಬಂದರೆ, ಆ ಬಾಬತ್ತಿನಲ್ಲಿ ಯಾವ ಕಾಮಗಾರಿ ಮಾಡಿದಿರಿ, ಓದಿ ಹೇಳಿ ಎಂದು ಕೇಳಬಹುದು.

ಮುಂದಿನ ಸಭೆ ಶುರುವಾಗುತ್ತಿದ್ದಂತೆ ಹೊಸ ವಿಷಯಕ್ಕೆ ಹೋಗಲು ಬಿಡಬೇಡಿ. "ಹಿಂದಿನ ಸಭೆಯ ಅನುಪಾಲನಾ ವರದಿ ಓದಿ" ಎನ್ನಿ; ಹಿಂದೆ ತೀರ್ಮಾನಿಸಿದ್ದರಲ್ಲಿ ಎಷ್ಟು ಆಯಿತು ಎಂಬ ಲೆಕ್ಕ ಅದು. ಸಭೆಯ ಮೇಲ್ವಿಚಾರಣೆಗೆ ಬಂದ ನೋಡಲ್ ಅಧಿಕಾರಿಯ ಎದುರಿಗೆ ಕೇಳಿದರೆ ಇನ್ನೂ ಒಳ್ಳೆಯದು. ಸಣ್ಣ ರಿಪೇರಿಗೆ ಸಭೆಯವರೆಗೆ ಕಾಯುವ ಅಗತ್ಯವೂ ಇಲ್ಲ: ಕುಡಿಯುವ ನೀರಿನ ಸಣ್ಣ ದುರಸ್ತಿ, ಬೀದಿದೀಪದ ನಿರ್ವಹಣೆ ಗ್ರಾಮ ಪಂಚಾಯಿತಿಯ ಸಕಾಲ ಸೇವೆಗಳ, ಅಂದರೆ ಗಡುವಿನೊಳಗೆ ಮಾಡಿಕೊಡಬೇಕಾದ ಸೇವೆಗಳ, ಪಟ್ಟಿಯಲ್ಲೇ ಇವೆ. ಇದು ಬಹಳ ಜನರಿಗೆ ಗೊತ್ತಿಲ್ಲ, ಪಂಚಾಯಿತಿಯವರು ತಾವಾಗಿ ಹೇಳುವುದೂ ಇಲ್ಲ.

ಪ್ರಶ್ನೆ: ಟ್ಯಾಬ್ ಹಿಡಿದ ಹುಡುಗರು ಮನೆಗೆ ಬಂದು ಕಸದ ಗಾಡಿ ದಿನಾ ಬರುತ್ತದಾ, ಊರು ಸ್ವಚ್ಛವಾಗಿದೆಯಾ ಎಂದು ಕೇಳಿ, ಮೊಬೈಲಿಗೆ ಬಂದ ಒಟಿಪಿ ತಗೊಂಡು ಹೋದರು. ಆ ಉತ್ತರ ಯಾರು ಓದುತ್ತಾರೆ? (ಪುರಸಭೆ ವ್ಯಾಪ್ತಿಯ ಓದುಗರು, ಹಾಸನ ಜಿಲ್ಲೆ)

ನೀವು ಹೇಳುವುದನ್ನು ನೋಡಿದರೆ ಅದು ಕೇಂದ್ರ ಸರ್ಕಾರದ ಸ್ವಚ್ಛ ಸರ್ವೇಕ್ಷಣೆಗೆ ಸಂಬಂಧಿಸಿದ್ದಿರಬೇಕು. 2016ರಲ್ಲಿ ಶುರುವಾದ, ಮೊದಲ ವರ್ಷವೇ ಮೈಸೂರು ಮೊದಲ ಸ್ಥಾನ ಪಡೆದ ಸಮೀಕ್ಷೆ ಇದು. 2017ರಲ್ಲಿ ಒಟ್ಟು 2000 ಅಂಕಕ್ಕೆ 600, 2018ರಲ್ಲಿ 4000ಕ್ಕೆ 1400 ಅಂಕ ನಾಗರಿಕರ ಅಭಿಪ್ರಾಯಕ್ಕೇ ಮೀಸಲಾಗಿತ್ತು. ಅಂದಮೇಲೆ ನಿಮ್ಮ "ಹೌದು" ಊರಿನ ರ‍್ಯಾಂಕಿಗೆ ಬೇಕು. ಅಂಕದ ಆಸೆ ಹುಟ್ಟಿದ ಕಡೆ, "ಎಲ್ಲದಕ್ಕೂ ಹೌದು ಅಂತ ಒತ್ತಿ ಅಕ್ಕಾ" ಎನ್ನುವವರೂ ಹುಟ್ಟಿಕೊಳ್ಳುತ್ತಾರೆ. ಒಟಿಪಿ ಕೊಡುವ ಮೊದಲು ಗುರುತಿನ ಚೀಟಿ ಕೇಳಿ, ಪರದೆಯ ಮೇಲಿನ ಉತ್ತರ ನೀವೇ ಓದಿ.

ಸಮೀಕ್ಷೆ ಸುಳ್ಳು ಎನ್ನುತ್ತಿಲ್ಲ. ರ‍್ಯಾಂಕಿನ ಭಯಕ್ಕೆ ಗಾಡಿ ಬೆಳಗ್ಗೆ ಸರಿಯಾಗಿ ಬರಲು ಶುರುವಾದ ಊರುಗಳಿವೆ. ಆದರೆ ನಿಮ್ಮ ಓಣಿಗೆ ಗಾಡಿ ಬಂದಿಲ್ಲ ಎಂಬುದು ಅಲ್ಲಿ ಒಂದು ಅಂಕಿಯಾಗಿ ಕರಗುತ್ತದೆಯೇ ಹೊರತು ನಿಮ್ಮ ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರ್ ಮೇಜಿಗೆ ದೂರಾಗಿ ಬರುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಕೊಡಬೇಕು.

ಇನ್ನೊಂದು ಮಾತು. ಹಳ್ಳಿಯವರಿಗೆ ಕಾನೂನಿನ ಪ್ರಕಾರ ಗ್ರಾಮಸಭೆಯಿದೆ. ಸಂವಿಧಾನದ 243-ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ನಡುವೆ ಸಿಕ್ಕವರು ನಿಮ್ಮಂಥ ಪುರಸಭೆಯವರು. ನಿಮಗೆ ಉಳಿದಿರುವ ದೊಡ್ಡ ಅವಕಾಶವೆಂದರೆ ಬಜೆಟ್ ಪೂರ್ವಭಾವಿ ಸಭೆ. ಸಂಘ-ಸಂಸ್ಥೆಯವರು, ಪತ್ರಕರ್ತರು, ಮಾಜಿ ಸದಸ್ಯರು ಬಂದು ಮಾತಾಡಿ, ಟೀ ಕುಡಿದು ಹೋಗುವ ಸಭೆಯದು. ಮಾಮೂಲಿ ನಿವಾಸಿಗಳು ನಾಲ್ಕು ಜನ ಲಿಖಿತ ಸಲಹೆ ಹಿಡಿದು ಹೋದರೆ ಅದಕ್ಕೇ ಬೆಲೆ ಬರುತ್ತದೆ.

ಪ್ರಶ್ನೆ: ಆ್ಯಪ್‌ನಲ್ಲಿ ಹಾಕಿದ ದೂರು "ಪರಿಹರಿಸಲಾಗಿದೆ" ಅಂತ ಮೂರನೇ ದಿನಕ್ಕೆ ಮುಚ್ಚಿಹೋಯಿತು. ಚರಂಡಿ ಹಾಗೇ ಇದೆ. (ಬೆಂಗಳೂರಿನ ಓದುಗರು)

ಬಾಕಿ ದೂರು ಎಷ್ಟು ಎಂದು ಮೇಲಿನವರು ಕೇಳುತ್ತಾರೆ, ಸರಿಯಾದ ಚರಂಡಿ ಎಷ್ಟು ಎಂದು ಕೇಳುವುದಿಲ್ಲ. ಕೆಳಗಿನವರು ಕೇಳಿದ್ದಕ್ಕೆ ತಕ್ಕ ಲೆಕ್ಕ ಒಪ್ಪಿಸುತ್ತಾರೆ, ಅಷ್ಟೆ. ಎಂಜಿನಿಯರನ್ನು ಬೈದು ಉಪಯೋಗವಿಲ್ಲ. ದೂರುದಾರ ಒಪ್ಪದೆ ದೂರು ಮುಚ್ಚಬಾರದು ಎಂಬ ಒಂದು ನಿಯಮ ಬಂದರೆ ಅರ್ಧ ರೋಗ ವಾಸಿ.

ಸದ್ಯಕ್ಕೆ, ಅದೇ ಜಾಗದ ಫೋಟೊ ದಿನಾಂಕ ಕಾಣುವಂತೆ ತೆಗೆದು, ಹಳೆಯ ದೂರಿನ ಸಂಖ್ಯೆ ನಮೂದಿಸಿ ಮತ್ತೆ ದಾಖಲಿಸಿ. ಆಗಲೂ ಮುಚ್ಚಿದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಹೇಳಿ. ಬಗ್ಗದಿದ್ದರೆ ಮಾಹಿತಿ ಹಕ್ಕು: "ಈ ಸಂಖ್ಯೆಯ ದೂರನ್ನು ಯಾವ ಸ್ಥಳ ಪರಿಶೀಲನೆ ಆಧರಿಸಿ ಮುಕ್ತಾಯಗೊಳಿಸಲಾಯಿತು? ವರದಿಯ ಪ್ರತಿ ಕೊಡಿ." ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ. ನಿಮ್ಮ ಇಡೀ ಬಡಾವಣೆಯ ಪುರಾಣ ಬರೆದರೆ ಅದೇ ನೆಪಕ್ಕೆ ವಾಪಸ್ ಬರುತ್ತದೆ.

ಇದೇ ಪತ್ರದಲ್ಲಿ ಖಾತೆ ವರ್ಗಾವಣೆ ವಿಳಂಬದ ಬಗ್ಗೆಯೂ ಕೇಳಿದ್ದೀರಿ. ಅದು ದೂರಲ್ಲ, ಸಕಾಲದ ಸೇವೆ. ಸ್ವೀಕೃತಿ ಸಂಖ್ಯೆ ಪಡೆದಿದ್ದರೆ ಗಡುವು ಮೀರಿದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಹಣಕ್ಕಿಂತ, ಮೇಲ್ಮನವಿ ಹಾಕಿದ ಕೂಡಲೇ ಕಡತ ಅಲುಗಾಡುವುದು ದೊಡ್ಡ ಲಾಭ.

ಪ್ರಶ್ನೆ: ಜನರ ಅಭಿಪ್ರಾಯದಿಂದ ನಿಜವಾಗಿ ಏನಾದರೂ ಬದಲಾದ ಉದಾಹರಣೆ ಇದೆಯೇ? (ಧಾರವಾಡದ ವಿದ್ಯಾರ್ಥಿ)

ಇದೆ, ಬೆಂಗಳೂರಲ್ಲೇ. ಅಹಮದಾಬಾದಿನ ಐಐಎಂ ನಿರ್ದೇಶಕರಾಗಿದ್ದ ಸ್ಯಾಮ್ಯುಯಲ್ ಪಾಲ್ ಮತ್ತು ಅವರ ಜೊತೆಗಿದ್ದವರು 1994ರಲ್ಲಿ ನಗರದ ಸೇವಾ ಸಂಸ್ಥೆಗಳಿಗೆ ಜನರಿಂದಲೇ ಅಂಕ ಹಾಕಿಸಿ "ರಿಪೋರ್ಟ್ ಕಾರ್ಡ್" ಹೊರತಂದರು. ಆ ಕೆಲಸ ಮುಂದುವರಿಸಲೆಂದೇ ಪಬ್ಲಿಕ್ ಅಫೇರ್ಸ್ ಸೆಂಟರ್ ಹುಟ್ಟಿತು. ಅವರು "ನಿಮ್ಮ ಅನಿಸಿಕೆ ಏನು" ಎಂದಷ್ಟೇ ಕೇಳಿ ಸುಮ್ಮನಾಗಲಿಲ್ಲ. ಕೆಲಸಕ್ಕೆ ಎಷ್ಟು ಸಲ ಅಲೆದಿರಿ, ಸಿಬ್ಬಂದಿ ಹೇಗೆ ನಡೆದುಕೊಂಡರು, ಲಂಚ ಕೊಟ್ಟಿರಾ ಎಂದು ಕೇಳಿದರು. ಸಂಸ್ಥೆಗಳ ಹೆಸರು ಹಾಕಿ ಪತ್ರಿಕೆಗಳಿಗೆ ಕೊಟ್ಟರು. ನಾಚಿಕೆಯೇ ಅದರ ಬಲ. ತೀರಾ ಕಡಿಮೆ ಅಂಕ ಬಂದಿದ್ದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೇ (ಬಿಡಿಎ) ಸುಧಾರಣೆಯ ಮಾತಿಗೆ ಮೊದಲು ಮುಂದೆ ಬಂತು.

ಆದರೂ 1999ರ ಎರಡನೇ ಕಾರ್ಡಿನಲ್ಲಿ ಸುಧಾರಣೆ ಅಷ್ಟಕ್ಕಷ್ಟೇ. ಅದೇ ವರ್ಷ ಎಸ್.ಎಂ. ಕೃಷ್ಣ ಸರ್ಕಾರ ನಂದನ್ ನಿಲೇಕಣಿ ಅಧ್ಯಕ್ಷತೆಯಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿತು. ಸಂಸ್ಥೆಗಳ ಮುಖ್ಯಸ್ಥರು ಸಾರ್ವಜನಿಕ ಸಭೆಯಲ್ಲಿ, ಮುಖ್ಯಮಂತ್ರಿಯ ಎದುರೇ, ಏನು ಮಾಡುತ್ತೇವೆ, ಏನು ಮಾಡಿದೆವು ಎಂದು ಹೇಳಬೇಕಾಯಿತು. 2003ರ ಮೂರನೇ ಕಾರ್ಡಿನಲ್ಲಿ ಜನರ ತೃಪ್ತಿ ಎದ್ದು ಕಾಣುವಷ್ಟು ಏರಿತ್ತು. ಸಮೀಕ್ಷೆಯೊಂದೇ ಸಾಲದು, ಮೇಲೆ ಕೂತವರೂ ಅದನ್ನು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಓದು. ನೀವು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ನಿಮ್ಮ ವಾರ್ಡಿನ ಮೂವತ್ತು-ನಲವತ್ತು ಮನೆಗಳಲ್ಲಿ ಇದೇ ಮೂರು ಪ್ರಶ್ನೆ ಕೇಳಿ, ಫಲಿತಾಂಶವನ್ನು ಪಾಲಿಕೆ ಆಯುಕ್ತರ ಟಪಾಲಿಗೆ ಹಾಕಿ ಇನ್‌ವರ್ಡ್ ನಂಬರ್ ತಗೊಳ್ಳಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ.