ಇಬ್ಬರೇ ಉಳಿದ ಟಿ-ಸ್ಕ್ವೇರ್, ಶಾಲೆಯ ಬ್ಯಾಂಡು ಮತ್ತು ಊದುವ ಸಿಂಥಸೈಜರ್

ಪ್ರಶ್ನೆ: ಜಪಾನಿನ ಜಾಜ್ ಫ್ಯೂಷನ್ (ಜಾಜ್ ಜೊತೆ ರಾಕ್ ಬೆರೆಸಿದ ವಾದ್ಯಸಂಗೀತ) ತಂಡ ಟಿ-ಸ್ಕ್ವೇರ್‌ನ ಹಳೆಯ ಆಲ್ಬಮ್‌ಗಳಲ್ಲಿ ಐದು ಹೆಸರು ಕಾಣುತ್ತವೆ. 2021ರ ಆಲ್ಬಮ್‌ನಲ್ಲಿ ಇರುವುದು ಎರಡೇ. ಕೇಳಿದರೆ ಗಿಟಾರ್, ಕೀಬೋರ್ಡ್, ಬಾಸ್ ಎಲ್ಲ ಇವೆ. ಇಷ್ಟನ್ನೂ ಇಬ್ಬರೇ ನುಡಿಸುತ್ತಾರೆಯೇ? ಕಟ್ಟಿದವರೇ ಬಿಟ್ಟುಹೋದ ಮೇಲೆ ಅದು ಅದೇ ತಂಡ ಹೇಗೆ?
- ಓದುಗರು, ಬೆಂಗಳೂರು

ಉತ್ತರ: ನುಡಿಸುವವರು ಇಬ್ಬರಿಗಿಂತ ಹೆಚ್ಚು. ಜಪಾನಿನಲ್ಲಿ ತಂಡದ 'ಸದಸ್ಯ' ಬೇರೆ, 'ಸಪೋರ್ಟ್' ಕಲಾವಿದ ಬೇರೆ. ತಂಡದ ಹೆಸರು, ನಿರ್ಧಾರ, ಹೊಣೆ ಸದಸ್ಯರದು. ಸಪೋರ್ಟ್ ಕಲಾವಿದರು ಆಲ್ಬಮ್‌ಗೆ, ಪ್ರವಾಸಕ್ಕೆ ಕರೆದಾಗ ಬಂದು ನುಡಿಸುತ್ತಾರೆ. ನಮ್ಮ ಕಛೇರಿಯಲ್ಲಿ ಮುಖ್ಯ ಕಲಾವಿದರು ಮತ್ತು ಪಕ್ಕವಾದ್ಯದವರು ಇದ್ದಂತೆ ಎಂದುಕೊಂಡರೆ ಅರ್ಧ ಅರ್ಥವಾಗುತ್ತದೆ. ಅರ್ಧ ಮಾತ್ರ, ಏಕೆಂದರೆ ಇಲ್ಲಿ ಸಪೋರ್ಟ್ ಕಲಾವಿದರ ಒಡನಾಟ ವರ್ಷಗಟ್ಟಲೆ ಸಾಗಬಹುದು. ಬಾಸ್ ನುಡಿಸುವ ಶಿಂಗೊ ತನಾಕಾ ಈ ತಂಡದ ಜೊತೆ ಎಷ್ಟೋ ವರ್ಷ ವೇದಿಕೆ ಏರಿದ್ದು ಸಪೋರ್ಟ್ ಆಗಿಯೇ.

ಇಬ್ಬರಿಗೆ ಇಳಿದದ್ದು ಇದೇ ಮೊದಲಲ್ಲ ಎಂಬುದನ್ನು ಗಮನಿಸಿ. 1976ರಲ್ಲಿ ಗಿಟಾರ್ ವಾದಕ ಮಸಹಿರೊ ಆಂದೊ ಟೋಕಿಯೊದ ಮೇಜಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಕಟ್ಟಿದ ತಂಡ ಇದು. ಆಗ ಹೆಸರು 'ದಿ ಸ್ಕ್ವೇರ್'. 1978ರಲ್ಲಿ ಮೊದಲ ಆಲ್ಬಮ್ ಬಂತು, 1989ರಲ್ಲಿ ಹೆಸರು ಟಿ-ಸ್ಕ್ವೇರ್ ಆಯಿತು. ಮೊದಲ ಆಲ್ಬಮ್‌ನಿಂದಲೂ ಸ್ಯಾಕ್ಸೊಫೋನ್ ಹಿಡಿದಿದ್ದ ತಕೇಶಿ ಇತೋ 1990ರ ಕೊನೆಗೆ ಸ್ವಂತ ದಾರಿ ಹಿಡಿದರು. ಆ ಜಾಗಕ್ಕೆ ಮಸಾತೊ ಹೊಂಡಾ, ಅವರ ನಂತರ ತಕಾಹಿರೊ ಮಿಯಾಝಾಕಿ ಬಂದರು. 2000ದಲ್ಲಿ ಇತೋ ಮರಳಿದರು. ತಂಡವೆಂದರೆ ಆಂದೊ ಮತ್ತು ಇತೋ ಇಬ್ಬರೇ, ಉಳಿದವರನ್ನು ಆಲ್ಬಮ್‌ಗೆ ತಕ್ಕಂತೆ ಕರೆಯುವುದು ಎಂದಾಯಿತು. ಅದು ಮೊದಲ ಜೋಡಿ. ಕೆಲವೇ ವರ್ಷಗಳಲ್ಲಿ ಕೀಬೋರ್ಡಿಗೆ ಕೇಜೊ ಕವಾನೊ, ಡ್ರಮ್ಸ್‌ಗೆ ಇಪ್ಪತ್ತರ ಹರೆಯದ ಸತೋಶಿ ಬಾಂದೊ ಸೇರಿ ಮತ್ತೆ ತುಂಬಿದ ತಂಡವಾಯಿತು. ಮುಂದೆ ಕವಾನೊ ಅನಾರೋಗ್ಯದ ಬಳಿಕ ಹೊರಬಂದರು, 2021ರಲ್ಲಿ ಆಂದೊ ಅವರೇ ಹೊರಟರು. ಉಳಿದವರು ಇತೋ ಮತ್ತು ಬಾಂದೊ. ನೀವು ಕೇಳಿದ್ದು ಈ ಎರಡನೆಯ ಜೋಡಿಯನ್ನು.

ಗಿಟಾರ್ ವಾದಕ ಕಟ್ಟಿದ ತಂಡ ಅವರೇ ಇಲ್ಲದೆ ಹೇಗೆ ಉಳಿಯಿತು? ನಮ್ಮ ಅಭಿಪ್ರಾಯದಲ್ಲಿ ಕಾರಣ ಎರಡು. ಇವರ ಕೃತಿಗಳಲ್ಲಿ ಹಾಡುಗಾರನ ಸ್ಥಾನ ಊದುವ ವಾದ್ಯದ್ದು. ಧಾತು, ಅಂದರೆ ಕೃತಿಯ ಮುಖ್ಯ ಸ್ವರಸಾಲು, ಅದರ ಮೇಲೆ ನಿಂತಿದೆ. ಆ ದನಿ ಇರುವವರೆಗೆ ಕಿವಿ ತಂಡವನ್ನು ಗುರುತಿಸುತ್ತದೆ. ಎರಡನೆಯದು, ಕೃತಿ ರಚನೆ ಇಲ್ಲಿ ಎಂದೂ ಒಬ್ಬರ ಗುತ್ತಿಗೆ ಆಗಿರಲಿಲ್ಲ. 1987ರಿಂದ ಫುಜಿ ಟೆಲಿವಿಷನ್‌ನ ಫಾರ್ಮುಲಾ ಒನ್ ಪ್ರಸಾರದ ಗುರುತಾದ 'ಟ್ರೂತ್' ಆಂದೊ ಅವರದು ನಿಜ. ಆದರೆ ಅಷ್ಟೇ ಜನಪ್ರಿಯವಾದ 'ತಕಾರಾಜಿಮಾ' ಆಗಿನ ಕೀಬೋರ್ಡ್ ವಾದಕ ಹಿರೊತಾಕಾ ಇಝುಮಿ ಅವರದು. ಬಾಂದೊ ಕೂಡ ಡ್ರಮ್ಸ್ ಹಿಂದೆ ಕೂತುಕೊಂಡೇ ಬರೆಯುತ್ತಾ ಬಂದವರು. ಹಾಗಾಗಿ ಆಂದೊ ಹೋದಾಗ ತಂಡ ಒಬ್ಬ ದೊಡ್ಡ ರಚನಕಾರರನ್ನು ಕಳೆದುಕೊಂಡಿತು, ಬರೆಯುವ ರೂಢಿಯನ್ನು ಕಳೆದುಕೊಳ್ಳಲಿಲ್ಲ.

ವ್ಯತ್ಯಾಸ ಕೇಳಬೇಕೆಂದರೆ 1987ರ ಆಲ್ಬಮ್ ಒಂದು, 2021ರದು ಒಂದು ತೆಗೆದುಕೊಳ್ಳಿ. ಮೊದಲ ಸಲ ಊದುವ ವಾದ್ಯ ಬಿಟ್ಟು ಡ್ರಮ್ಸ್ ಮಾತ್ರ ಹಿಂಬಾಲಿಸಿ, ಅದೂ ಪಲ್ಲವಿ ಮರಳುವ ಮುಂಚಿನ ಎರಡು ಆವರ್ತಗಳಲ್ಲಿ. ಎರಡನೆಯ ಸಲ ಗಿಟಾರ್ ಎಲ್ಲಿ ಧಾತುವನ್ನು ಜೊತೆಯಾಗಿ ನುಡಿಸುತ್ತದೆ, ಎಲ್ಲಿ ಬರೀ ತಾಳಕ್ಕೆ ನಿಲ್ಲುತ್ತದೆ ಎಂದು ನೋಡಿ.

ಪ್ರಶ್ನೆ: ನಾವಿರುವುದು ಯೋಕೊಹಾಮಾದಲ್ಲಿ. ಮಗಳ ಶಾಲೆಯ ಊದುವಾದ್ಯದ ಬ್ಯಾಂಡು 'ತಕಾರಾಜಿಮಾ' ಅಭ್ಯಾಸ ಮಾಡುತ್ತಿದೆ. ಮನೆಯಲ್ಲಿ ಅವಳು ಮೂಲ ಧ್ವನಿಮುದ್ರಿಕೆಯ ಜೊತೆ ನುಡಿಸಿದರೆ ಹೊಂದುವುದಿಲ್ಲ. ಯಾಕೆ?
- ಓದುಗರು, ಯೋಕೊಹಾಮಾ

ಉತ್ತರ: ಶಾಲೆಗಳು ನುಡಿಸುವುದು ಸಾಮಾನ್ಯವಾಗಿ ತೋಶಿಯೊ ಮಾಶಿಮಾ ಅವರು ಬ್ಯಾಂಡಿಗಾಗಿ ಹೊಂದಿಸಿದ ರೂಪ. 1986ರ ಮೂಲದ್ದು ಐದು ಜನರ ತಂಡದ ರೂಪ, ಎರಡರ ಹಂದರವೂ ಒಂದೇ ಅಲ್ಲ. ಮಗಳಿಗೆ ಬ್ಯಾಂಡಿನ ಧ್ವನಿಮುದ್ರಣವನ್ನೇ ಕೊಡಿ. ಈ ಕೃತಿ ಕೆಡುವುದು ಹೆಚ್ಚಾಗಿ ವೇಗದಲ್ಲಿ: ಸಾಂಬಾ ಗತಿಯ ಉತ್ಸಾಹಕ್ಕೆ ಮಕ್ಕಳು ಓಡುತ್ತಾರೆ, ಹಿತ್ತಾಳೆ ವಾದ್ಯಗಳು ಒಟ್ಟಾಗಿ ನುಡಿಸುವ ಭಾಗ ಬಂದಾಗ ನಾಲಿಗೆ ತಿರುಗದೆ ನಿಲ್ಲುತ್ತಾರೆ. ಆ ಭಾಗ ಯಾವ ವೇಗದಲ್ಲಿ ಸ್ವಚ್ಛವಾಗಿ ಬರುತ್ತದೋ ಆ ವೇಗಕ್ಕೆ ಮೆಟ್ರೊನೋಮ್ (ಲಯ ತಟ್ಟುವ ಯಂತ್ರ) ಇಟ್ಟು ಮೊದಲಿನಿಂದ ನುಡಿಸಿ. ಆರಂಭದ ಆಗೊಗೊ ಗಂಟೆಯ ನಡೆಯನ್ನು ಬ್ಯಾಂಡಿನ ಎಲ್ಲರೂ ಕೈಯಲ್ಲಿ ತಟ್ಟಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ನಾನು ಕದ್ರಿ ಗೋಪಾಲನಾಥರ ಬಾನಿ ಕೇಳಿ ಸ್ಯಾಕ್ಸೊಫೋನ್ ಕಲಿತವನು, ಮದುವೆ ಮತ್ತು ದೇವಸ್ಥಾನಗಳಲ್ಲಿ ನುಡಿಸುತ್ತೇನೆ. ತಕೇಶಿ ಇತೋ ಅವರ ಕೈಯಲ್ಲಿರುವ ಎಲೆಕ್ಟ್ರಾನಿಕ್ ವಾದ್ಯ ನೋಡಿ ಒಂದನ್ನು ಕೊಂಡೆ. ಸ್ವರಗಳ ನಡುವೆ ಬೇಡದ ಸ್ವರ ಚಿಮ್ಮುತ್ತದೆ, ದನಿ ನಡುಗುತ್ತದೆ. ವಾದ್ಯದ ದೋಷವೇ?
- ಓದುಗರು, ಪುತ್ತೂರು

ಉತ್ತರ: ಬಹುಮಟ್ಟಿಗೆ ದೋಷ ವಾದ್ಯದ್ದಲ್ಲ; ಸ್ಯಾಕ್ಸೊಫೋನಿನ ಒಳ್ಳೆಯ ಅಭ್ಯಾಸಗಳೇ ಇಲ್ಲಿ ಅಡ್ಡ ಬರುತ್ತವೆ. ಇತೋ ಮೊದಲು ನುಡಿಸುತ್ತಿದ್ದದ್ದು ಲಿರಿಕಾನ್ ಎಂಬ ಅಮೆರಿಕದ ವಾದ್ಯ, ಉಸಿರಿನಿಂದ ನಡೆಸುವ ಸಿಂಥಸೈಜರ್. ನೈಲ್ ಸ್ಟೈನರ್ ರೂಪಿಸಿದ ವಿನ್ಯಾಸವನ್ನು ಅಕಾಯ್ ಕಂಪನಿ 1987ರಲ್ಲಿ 'ಈವಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೇಲೆ ಅದು ಅವರ ಗುರುತಾಯಿತು. ನಿಮ್ಮದೂ ಅದೇ ಬಗೆಯದು ಎಂದುಕೊಂಡು ಉತ್ತರಿಸುತ್ತಿದ್ದೇವೆ.

ಇದರ ಕೀಲಿಗಳು ಒತ್ತಿದರೆ ಇಳಿಯುವುದಿಲ್ಲ, ಮುಟ್ಟಿದರೆ ಸಾಕು. ಸ್ಯಾಕ್ಸೊಫೋನಿನಲ್ಲಿ ಬೆರಳನ್ನು ಕೀಲಿಯ ಮೇಲೆ ಹಗುರವಾಗಿ ಇಟ್ಟುಕೊಳ್ಳುವುದು ಶಿಸ್ತು. ಇಲ್ಲಿ ಹಾಗೆ ಇಟ್ಟರೆ ಆ ಸ್ವರ ಒತ್ತಿದಂತೆಯೇ. ಬೆರಳನ್ನು ಪೂರ್ತಿ ಎತ್ತಬೇಕು. ಬಲ ಹೆಬ್ಬೆರಳು ಅದರ ಕೆಳಗಿನ ಲೋಹದ ಅರ್ಥ್ ಪಟ್ಟಿಯನ್ನು ಬಿಡಬಾರದು, ಬಿಟ್ಟರೆ ಸ್ಪರ್ಶದ ಲೆಕ್ಕ ತಪ್ಪುತ್ತದೆ. ಬೆರಳು ತೀರ ಒಣಗಿದ್ದರೆ ಸ್ವರ ಹಿಡಿಯುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಬೆವರಿದರೆ ಪಕ್ಕದ ಕೀಲಿಯೂ ಸೇರಿಕೊಳ್ಳುತ್ತದೆ. ಕೈ ಒರೆಸಿಕೊಂಡು ಕೂಡಿ, ಎಡ ಹೆಬ್ಬೆರಳಿನ ಸ್ಥಾಯಿ ಬದಲಿಸುವ ಉರುಳೆಗಳನ್ನು ಆಗಾಗ ಒಣ ಬಟ್ಟೆಯಿಂದ ಸ್ವಚ್ಛ ಮಾಡಿ.

ಚಿಮ್ಮುವ ಸ್ವರಕ್ಕೆ ಇನ್ನೊಂದು ಕಾರಣ, ಬೆರಳುಗಳು ಒಟ್ಟಿಗೆ ಇಳಿಯದಿರುವುದು. ಸಿ ಸ್ವರವನ್ನು ಷಡ್ಜ ಮಾಡಿಕೊಂಡು ಮಾಯಾಮಾಳವಗೌಳದಲ್ಲಿ ಹೆಚ್ಚುಸ್ಥಾಯಿ ವರಸೆ ನುಡಿಸಿ ನೋಡಿ. ತಾರಸ್ಥಾಯಿಯ ರಿಷಭಕ್ಕೆ ಎಲ್ಲ ಬೆರಳೂ ಎತ್ತಿರುತ್ತವೆ, ಮುಂದಿನ ಗಾಂಧಾರಕ್ಕೆ ಐದು ಬೆರಳು ಇಳಿಯಬೇಕು, ಅದೇ ಕ್ಷಣ ಹೆಬ್ಬೆರಳು ಮೇಲಿನ ಉರುಳೆಗೆ ಜಾರಬೇಕು. ಹೆಬ್ಬೆರಳು ಮುಂದಾದರೆ ರಿಷಭವೇ ಒಂದು ಸ್ಥಾಯಿ ಮೇಲೆ ಕಿರುಚುತ್ತದೆ, ಹಿಂದಾದರೆ ಕೆಳಗಿನ ಗಾಂಧಾರ ಕೇಳುತ್ತದೆ. ರಿ-ಗ, ಗ-ರಿ ಇಷ್ಟನ್ನೇ ಮೊದಲ ಕಾಲದಲ್ಲಿ ದಿನಕ್ಕೆ ಹತ್ತು ನಿಮಿಷ ಮಾಡಿ. 'ಕೀ ಡಿಲೇ' (ಬೆರಳು ಮುಟ್ಟಿದ ಮೇಲೆ ಸ್ವರ ಬದಲಾಗಲು ವಾದ್ಯ ಕಾಯುವ ಅವಧಿ) ಹೊಂದಿಕೆಯನ್ನು ಸ್ವಲ್ಪ ಏರಿಸಿದರೆ ಸಣ್ಣ ತಪ್ಪುಗಳು ಮುಚ್ಚಿಹೋಗುತ್ತವೆ. ಹೆಚ್ಚು ಏರಿಸಿದರೆ ಮೂರನೆಯ ಕಾಲದಲ್ಲಿ ಸ್ವರ ಹಿಂದೆ ಬೀಳುತ್ತದೆ.

ದನಿ ನಡುಗುವುದಕ್ಕೆ ಕಾರಣ ನಿಮ್ಮ ಕಚ್ಚು. ಈ ವಾದ್ಯದಲ್ಲಿ ರೀಡ್ ಇಲ್ಲ, ಬಾಯಲ್ಲಿ ಹಿಡಿಯುವ ಮೌತ್‌ಪೀಸಿನೊಳಗಿನ ಸಂವೇದಕ ಹಲ್ಲಿನ ಒತ್ತಡವನ್ನು ಕಂಪನವಾಗಿ ತಿರುಗಿಸುತ್ತದೆ. ಮೊದಲ ತಿಂಗಳು ವೈಬ್ರಾಟೊವನ್ನು ಸೊನ್ನೆಗೆ ಇಳಿಸಿ, ತುಟಿ ಸಡಿಲ ಬಿಟ್ಟು ಊದಿ. ಉಸಿರಿನ ಬಹುಭಾಗ ಒಳಗೆ ಹೋಗುವುದಿಲ್ಲ, ತುಟಿಯ ಅಂಚಿನಿಂದ ಹೊರಬಿಡುವುದನ್ನು ರೂಢಿಸಿಕೊಳ್ಳಿ, ಇಲ್ಲದಿದ್ದರೆ ಎದೆ ಕಟ್ಟುತ್ತದೆ. ಊದುವುದು ನಿಲ್ಲಿಸಿದ ಮೇಲೂ ದನಿ ಉಳಿದರೆ ಉಸಿರಿನ ಆರಂಭಮಿತಿಯನ್ನು ಏರಿಸಿ.

ಗಮಕಕ್ಕೆ ಬಲ ಹೆಬ್ಬೆರಳಿನ ಬೆಂಡ್ ಪಟ್ಟಿಗಳಿವೆ, ವ್ಯಾಪ್ತಿ ಎರಡು ಸ್ವರಸ್ಥಾನ ಇಟ್ಟರೆ ಕಂಪಿತಕ್ಕೆ ಸಾಕು. ಜಾರುವಿಗೆ ಗ್ಲೈಡ್ ಪಟ್ಟಿ ಇರುವ ಮಾದರಿಯಾದರೆ ಎಡ ಹೆಬ್ಬೆರಳು ಅದನ್ನು ತಾಗಬೇಕು. ಆಲ್ಟೊ ಸ್ಯಾಕ್ಸೊಫೋನಿನ ಬೆರಳುಗಾರಿಕೆಯೇ ಅದೇ ಸ್ವರಕ್ಕೆ ಬರಬೇಕಿದ್ದರೆ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಹೊಂದಿಕೆ) ಅನ್ನು ಒಂಬತ್ತು ಸ್ವರಸ್ಥಾನ ಕೆಳಗಿಡಿ. ಬ್ಲೂಟೂತ್ ಸ್ಪೀಕರಿಗೆ ಜೋಡಿಸಬೇಡಿ, ಊದಿದ್ದಕ್ಕೂ ಕೇಳಿದ್ದಕ್ಕೂ ಅಂತರ ಬಿದ್ದು ಲಯ ಕೆಡುತ್ತದೆ. ತಂತಿಯ ಹೆಡ್‌ಫೋನೇ ಸರಿ. ಕೊಳವೆಯ ಕೆಳತುದಿಯಿಂದ ಉಸಿರಿನ ನೀರು ತೊಟ್ಟಿಕ್ಕುವುದು ಸಹಜ, ಮಡಿಲ ಮೇಲೆ ಒಂದು ಬಟ್ಟೆ ಇಟ್ಟುಕೊಳ್ಳಿ.