ಹೊಸ ಮನೆಯ ಎಸಿ ರೂಮಿನಲ್ಲಿ ಗಾಳಿ ಸೋರಿಕೆ: ಪತ್ತೆ ಹೇಗೆ?

ಪ್ರಶ್ನೆ: ಮೈಸೂರಿನ ಬೋಗಾದಿಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೊನೆಯ ಕೋಟ್ ಪೇಂಟ್ ಬಾಕಿಯಿದೆ. ಮಹಡಿಯ ಬೆಡ್‌ರೂಮಿಗೆ ಎಸಿ ಹಾಕಿಸುತ್ತೇವೆ. ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಲೇಬೇಕೆ?

ಉತ್ತರ: ಬೇಕಿಲ್ಲ. ಆ ಪರೀಕ್ಷೆಯಲ್ಲಿ ಮುಂಬಾಗಿಲ ಚೌಕಟ್ಟಿಗೆ ಫ್ಯಾನ್ ಕೂರಿಸಿ, ಒಳಗಿನ ಗಾಳಿಯನ್ನು ಹೊರಕ್ಕೆಳೆದು, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ತರುತ್ತಾರೆ. 300 ಘನ ಮೀಟರ್ ಮನೆಯಲ್ಲಿ ಫ್ಯಾನ್ ಗಂಟೆಗೆ 3,000 ಘನ ಮೀಟರ್ ಎಳೆಯಬೇಕಾದರೆ ಸೋರಿಕೆ 10, ಅಂದರೆ ಗಂಟೆಗೆ ಮನೆಯ ಗಾಳಿ ಹತ್ತು ಸಲ ಬದಲಾಗುತ್ತದೆ ಎಂದು ಲೆಕ್ಕ. ಜರ್ಮನಿಯ ಪ್ಯಾಸಿವ್ ಹೌಸ್ (ಬಹಳ ಕಡಿಮೆ ಇಂಧನ ಬಳಸುವ, ಗಾಳಿ ಸೋರದ ಮನೆ) ಮಾನದಂಡದಲ್ಲಿ ಇದು 0.6 ಮೀರಬಾರದು. ಅಲ್ಲಿ ಹೊಸ ಗಾಳಿ ಒಳಬರಲು ಯಂತ್ರ ಇರುತ್ತದೆ. ಮೈಸೂರಿನ ಹವೆಗೆ ಇಡೀ ಮನೆ ಬಿಗಿ ಮಾಡುವುದು ದಂಡ. ಎಸಿ ರೂಮೊಂದನ್ನು ನೋಡಿಕೊಂಡರೆ ಸಾಕು, ಅದಕ್ಕೆ ಊದುಬತ್ತಿಯೇ ಸಾಕು.

ಗಾಳಿ ಬೀಸದ ಬೆಳಿಗ್ಗೆ ಆರಿಸಿಕೊಳ್ಳಿ. ಆಷಾಢದ ಗಾಳಿಯಲ್ಲಿ ಫಲಿತಾಂಶ ನಂಬಲಾಗದು. ರೂಮಿನ ಬಾಗಿಲು, ಕಿಟಕಿ ಮುಚ್ಚಿ. ಸೀಲಿಂಗ್ ಫ್ಯಾನ್, ಎಸಿ, ಗ್ಯಾಸ್ ಗೀಸರ್ ಆಫ್ ಇರಲಿ. ಅಟ್ಯಾಚ್ಡ್ ಬಾತ್‌ರೂಮಿನ ಬಾಗಿಲು ತೆರೆದು, ಅಲ್ಲಿನ ವೆಂಟಿಲೇಟರಿಗೆ ತಾತ್ಕಾಲಿಕವಾಗಿ ಟೇಪ್ ಅಂಟಿಸಿ, ಎಕ್ಸಾಸ್ಟ್ ಫ್ಯಾನ್ ಆನ್ ಮಾಡಿ. ಹೊತ್ತಿಸಿದ ಊದುಬತ್ತಿಯನ್ನು ಸಂದಿಯಿಂದ ಎರಡು ಬೆರಳು ದೂರ ಹಿಡಿದು ನಿಧಾನವಾಗಿ ಸಾಗಿಸಿ. ಹೊಗೆ ನೆಟ್ಟಗೆ ಏರದೆ ನಿಮ್ಮತ್ತ ಬಾಗಿದರೆ ಅಲ್ಲಿ ಗಾಳಿ ಒಳಬರುತ್ತಿದೆ. ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಈ ಫ್ಯಾನಿನಿಂದ ಅಂಕಿ ಸಿಗುವುದಿಲ್ಲ, ಜಾಗ ಸಿಗುತ್ತದೆ.

ಹೆಚ್ಚು ಸೋರುವುದು ಕಿಟಕಿ ಫ್ರೇಮ್ ಮತ್ತು ಗೋಡೆಯ ನಡುವೆ. ಗ್ರಾನೈಟ್ ಸಿಲ್ ಕೆಳಗೆ ಗಾರೆ ತುಂಬದೆ ಬಿಟ್ಟಿರುತ್ತಾರೆ. ಮೇಲಿಂದ ಸಿಲಿಕೋನ್ ಗೆರೆ ಎಳೆದರೆ ಪೊಳ್ಳು ಮುಚ್ಚುವುದಿಲ್ಲ. 5–6 ಮಿ.ಮೀ. ಒಳಗಿನ ಸಂದಿಗೆ ಸೀಲಂಟ್ ಸಾಕು. ದೊಡ್ಡದಕ್ಕೆ ಪಿಯು ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ) ತುಂಬಿ, ಗಟ್ಟಿಯಾದ ಮೇಲೆ ಕೊಯ್ದು, ಹೊರಗೆ ಸಿಲಿಕೋನ್, ಒಳಗೆ ಅಕ್ರಿಲಿಕ್ ಸೀಲಂಟ್ ಹಾಕಿಸಿ. ಸಿಲಿಕೋನ್ ಮೇಲೆ ಪೇಂಟ್ ಹಿಡಿಯದು. ಯುಪಿವಿಸಿ ಸ್ಲೈಡಿಂಗ್ ಕಿಟಕಿಯಲ್ಲಿ ಎರಡು ಶಟರ್ ಸೇರುವ ಮೇಲಿನ, ಕೆಳಗಿನ ಮೂಲೆಯಲ್ಲಿ ಸಂದಿ ಮುಚ್ಚುವ ಬ್ರಷ್ ಪಟ್ಟಿ ತುಂಡಾಗಿದೆಯೇ ನೋಡಿ. ಟ್ರ್ಯಾಕಿನ ಹೊರಬದಿಯ ಸಣ್ಣ ರಂಧ್ರಗಳನ್ನು ಮಾತ್ರ ಮುಟ್ಟಬೇಡಿ, ಮಳೆನೀರು ಹೊರಹೋಗುವ ದಾರಿ ಅದೇ. ಸ್ವಿಚ್‌ಬೋರ್ಡಿನಿಂದ ಗಾಳಿ ಬಂದರೆ ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ವೈರ್ ಬರುವ ಪೈಪಿನ ಬಾಯಿ ಮುಚ್ಚಿಸಿ. ಎಸಿಯ ತಾಮ್ರದ ಪೈಪ್ ಹೋಗುವ ತೂತು ಹೊರಕ್ಕೆ ಇಳಿಜಾರಾಗಿರಲಿ.

ಪರೀಕ್ಷೆ ಮುಗಿದ ಕೂಡಲೇ ವೆಂಟಿಲೇಟರಿನ ಟೇಪ್ ಕಿತ್ತುಹಾಕಿ. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದರೆ ದಯವಿಟ್ಟು ಅದನ್ನು ಹೊರಗಿನ ಯುಟಿಲಿಟಿಗೆ ಸರಿಸಿ: ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ವಾಸನೆಯಿಲ್ಲ, ಜೀವ ಹೋಗುತ್ತದೆ. ಅಡುಗೆಮನೆಯ ಕೆಳಗಿನ ಜಾಲರಿಯನ್ನೂ ಮುಚ್ಚಬೇಡಿ; ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ಆದ್ದರಿಂದ ಬೆಳಿಗ್ಗೆ ಎದ್ದೊಡನೆ ಆ ರೂಮಿನ ಕಿಟಕಿ ತೆರೆಯಿರಿ.