ಸಂಪಾದಕರ ಉತ್ತರ: "ಇದು ಯಾವ ಸೀಮೆ ಸಂಸಾರದ ಕಥೆ?"

ಮೇಡಂ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 'ಜೋಜೋಸ್ ಬಿಝಾರ್ ಅಡ್ವೆಂಚರ್' ಅನ್ನುವ ಜಪಾನಿ ಅನಿಮೆ (ಕಾರ್ಟೂನ್ ಸರಣಿ) ಬಗ್ಗೆ ಹೋದ ಸಂಚಿಕೆಯಲ್ಲಿ ಬರೆಯುವಾಗ, ಇದು ವ್ಯಾಂಪೈರ್ ಕಥೆಗಿಂತ ಜಾಸ್ತಿ ಒಂದು ಮನೆತನದ ಕಥೆ ಅಂದಿದ್ದೆ. ಆ ಮಾತು ನಂಬಿ ನೀವು ಪಿಯುಸಿ ಓದುವ ಮಗನ ಜೊತೆ ಕೂತು ಮೊದಲನೇ ಭಾಗದ ಒಂಬತ್ತು ಎಪಿಸೋಡ್ ಮುಗಿಸಿದ್ದೀರಿ. ಸಾಕಿದ ನಾಯಿಯನ್ನು ಬೆಂಕಿಗೆ ಹಾಕಿದ್ದು ನೋಡಿದಿರಿ. ಅನ್ನ ಹಾಕಿದ ಮನೆಯ ಯಜಮಾನನಿಗೇ ವಿಷ ಹಾಕಿದ್ದು ನೋಡಿದಿರಿ. ಕೊನೆಗೆ ಹೊಸದಾಗಿ ಮದುವೆಯಾಗಿ ಹಡಗು ಹತ್ತಿದ ನಾಯಕನೇ ಸತ್ತ. "ಇದು ಯಾವ ಸೀಮೆ ಸಂಸಾರದ ಕಥೆ?" ಅಂತ ಕೇಳಿದ್ದೀರಿ. ವ್ಯಾಂಪೈರ್ ಮೂರನೇ ಭಾಗಕ್ಕೇ ಮುಗಿದುಹೋಗುತ್ತಾನೆ ಅಂತ ಮಗ ಹೇಳಿದನಂತೆ, ಹಾಗಾದರೆ ಉಳಿದದ್ದು ಯಾಕೆ ನೋಡಬೇಕು ಅನ್ನೋದು ಎರಡನೇ ಪ್ರಶ್ನೆ. ಎಂಟು ವರ್ಷದ ಮಗಳು ಪಕ್ಕದಲ್ಲಿದ್ದಾಗ ಹಾಕಬಹುದಾ ಅನ್ನೋದು ಮೂರನೆಯದು. ಮುಂದಿನ ಕಥೆ ಗೊತ್ತಾದರೂ ಬೇಜಾರಿಲ್ಲ, ಬಿಡಿಸಿ ಹೇಳಿ ಅಂದಿದ್ದೀರಿ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಕಥೆ ಗೊತ್ತಾಗಬಾರದು ಅನ್ನುವ ಬೇರೆ ಓದುಗರು ಈ ಪುಟ ಬಿಟ್ಟು ಮುಂದೆ ಹೋಗಲಿ.

ಹಿರೋಹಿಕೊ ಅರಾಕಿ ಇದನ್ನು 1987ರಲ್ಲಿ ಜಪಾನಿನ 'ವೀಕ್ಲಿ ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಮಾಂಗಾ, ಅಂದರೆ ಚಿತ್ರಕಥೆ ಆಗಿ ಶುರು ಮಾಡಿದರು. ಡೇವಿಡ್ ಪ್ರೊಡಕ್ಷನ್ ಸ್ಟುಡಿಯೋ 2012ರಿಂದ 2022ರವರೆಗೆ ಆರು ಭಾಗಗಳನ್ನು ಅನಿಮೆ ಮಾಡಿತು. ಒಟ್ಟು 190 ಎಪಿಸೋಡ್. ನೀವು ಈಗ ಹೊಸಿಲು ದಾಟಿದ್ದೀರಿ ಅಷ್ಟೆ.

ಆದರೆ ಆ ಒಂಬತ್ತರಲ್ಲೇ ಒಂದು ಚಿಕ್ಕ ವಿಷಯ ಇದೆ, ಗಲಾಟೆಯಲ್ಲಿ ನಿಮ್ಮ ಕಣ್ಣು ತಪ್ಪಿರಬಹುದು. ಆ ಉಂಗುರ. 1868ರಲ್ಲಿ ಜೋಸ್ಟಾರ್ ಮನೆಯವರ ಸಾರೋಟು ಉರುಳಿ ಬೀಳುತ್ತದೆ. ಹೆಂಡತಿ ಸತ್ತಿದ್ದಾಳೆ, ಹಸುಗೂಸು ಜೋನಥನ್ ಉಳಿದಿದ್ದಾನೆ. ಡಾರಿಯೋ ಬ್ರಾಂಡೋ ಅನ್ನುವ ಕುಡುಕ ಹೆಣಗಳ ಮೈಮೇಲಿನದನ್ನು ದೋಚೋಕೆ ಬರುತ್ತಾನೆ. ಅಷ್ಟರಲ್ಲಿ ಯಜಮಾನ ಜಾರ್ಜ್ ಜೋಸ್ಟಾರ್ ಕಣ್ಣು ಬಿಟ್ಟು, ಇವನೇ ನನ್ನ ಜೀವ ಉಳಿಸಿದವನು ಅಂದುಕೊಳ್ಳುತ್ತಾನೆ. ಆ ಋಣಕ್ಕಾಗಿ ಡಾರಿಯೋ ಸತ್ತ ಮೇಲೆ ಅವನ ಮಗ ಡಿಯೋನನ್ನು ಮನೆಗೆ ಕರೆಸಿ ಸ್ವಂತ ಮಗನ ಸಮಕ್ಕೆ ಸಾಕುತ್ತಾನೆ. ಇಷ್ಟು ನೋಡಿದರೆ ಜಾರ್ಜ್ ಒಬ್ಬ ಮುಗ್ಧ, ಮೋಸ ಹೋದ ಅನ್ನಿಸುತ್ತದೆ. ಆದರೆ ಜಾರ್ಜ್ ಸಾಯುವಾಗ ಅಲ್ಲಿದ್ದ ಪೊಲೀಸ್ ಅಧಿಕಾರಿ ಹಳೇ ಸಂಗತಿಯೊಂದನ್ನು ಬಾಯಿ ಬಿಡುತ್ತಾನೆ. ಡಾರಿಯೋ ಆ ಮನೆಯ ಮದುವೆ ಉಂಗುರ ಕದ್ದು ಸಿಕ್ಕಿಬಿದ್ದಿದ್ದ. ಜಾರ್ಜ್‌ನನ್ನು ಕರೆಸಿ ಕೇಳಿದರೆ, ಅದು ನಾನೇ ಕೊಟ್ಟದ್ದು ಅಂದುಬಿಟ್ಟ. ಅಂಥ ಬಡತನ ಇದ್ದಿದ್ದರೆ ನಾನೂ ಕದಿಯುತ್ತಿದ್ದೆನೇನೋ ಅಂತ ಬಿಡಿಸಿ ಕಳಿಸಿದ್ದ.

ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಕಳ್ಳನ ಮಗನಿಗೆ ಅನ್ನ ಹಾಕಿದ.

ಮುಂದೆ ಆದದ್ದು ನೀವೇ ನೋಡಿದ್ದೀರಿ. ಡಿಯೋ ಮೊದಲ ದಿನವೇ ಮನೆಯ ನಾಯಿ ಡ್ಯಾನಿಯನ್ನು ಒದೆಯುತ್ತಾನೆ. ಜೋನಥನ್‌ನ ಗೆಳೆಯರನ್ನು, ಹುಡುಗಿಯನ್ನು, ಅಪ್ಪನ ಮೆಚ್ಚುಗೆಯನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಾನೆ. ನಮ್ಮಲ್ಲಿ ದಾಯಾದಿ ಮತ್ಸರ ಅಂತೀವಲ್ಲ, ಅದೇ. ಒಂದು ಆಸ್ತಿ, ಇಬ್ಬರು ಗಂಡುಮಕ್ಕಳು, ಊಟದ ಮೇಜಿನಲ್ಲಿ ಯಾರಿಗೆ ಹೊಗಳಿಕೆ ಯಾರಿಗೆ ಬೈಗುಳ ಅನ್ನುವ ಲೆಕ್ಕ. ಇದರಲ್ಲಿ ಭೂತ ಪಿಶಾಚಿ ಏನೂ ಇಲ್ಲ. ಪಿಶಾಚಿ ಹುಟ್ಟುವುದು ಆಮೇಲೆ. ಜೋನಥನ್‌ಗೆ ಬೀಳಬೇಕಿದ್ದ ಚೂರಿಗೆ ಜಾರ್ಜ್ ಅಡ್ಡ ಬರುತ್ತಾನೆ. ಡಿಯೋ ಕಲ್ಲಿನ ಮುಖವಾಡ ಹಾಕಿಕೊಂಡಾಗ ಅದಕ್ಕೆ ಬೀಳುವುದು ಆ ಜಾರ್ಜ್‌ನ ನೆತ್ತರು. ಅದು ಬಿದ್ದಾಗಲೇ ಮುಖವಾಡದ ಮುಳ್ಳುಗಳು ಅವನ ತಲೆಗೆ ಚುಚ್ಚಿಕೊಂಡು ಅವನು ವ್ಯಾಂಪೈರ್ ಆಗುವುದು. ಯಾರದೋ ದಾರಿಹೋಕನ ನೆತ್ತರು ಆಗಬಹುದಿತ್ತು. ಅರಾಕಿ ಸಾಕಿದ ತಂದೆಯದನ್ನೇ ಇಟ್ಟರು. ನಾನು ಮನೆತನದ ಕಥೆ ಅಂದದ್ದು ಇದಕ್ಕೆ, ಮೇಡಂ. ಇವರೆಲ್ಲ ಒಳ್ಳೆಯವರು, ಒಟ್ಟಿಗೆ ಸುಖವಾಗಿದ್ದರು ಅನ್ನುವ ಅರ್ಥದಲ್ಲಿ ಅಲ್ಲ.

ಈಗ ಹಡಗಿನ ಸಾವು. ಗಂಡ ಹೆಂಡಿರು ಅಮೆರಿಕಕ್ಕೆ ಹೊರಟಿದ್ದಾರೆ. ಡಿಯೋನ ದೇಹ ಹಾಳಾಗಿ ಬರೀ ತಲೆ ಉಳಿದಿದೆ, ಅವನಿಗೆ ಜೋನಥನ್‌ನ ದೇಹ ಬೇಕು. ಜೋನಥನ್ ಆ ತಲೆಯನ್ನು ಅಪ್ಪಿ ಹಿಡಿದುಕೊಂಡೇ ಪ್ರಾಣ ಬಿಡುತ್ತಾನೆ. ಅವನ ಬಸುರಿ ಹೆಂಡತಿ ಎರಿನಾ, ತಾಯಿ ಸತ್ತ ಯಾರದೋ ಕೂಸನ್ನು ಎತ್ತಿಕೊಂಡು ಪಾರಾಗುತ್ತಾಳೆ. ಆ ಕೂಸನ್ನು ಮರೆಯಬೇಡಿ. ಎರಡನೇ ಭಾಗದಲ್ಲಿ ಅವಳು ಯಾರು ಅಂತ ಗೊತ್ತಾದಾಗ, ಎರಿನಾ ಅವತ್ತು ಬಿಟ್ಟು ಬಂದಿದ್ದರೆ ಈ ಮನೆತನವೇ ಮುಂದುವರಿಯುತ್ತಿರಲಿಲ್ಲ ಅಂತ ನಿಮಗೇ ಹೊಳೆಯುತ್ತದೆ. ಇತ್ತ ಡಿಯೋ ಜೋನಥನ್‌ನ ದೇಹಕ್ಕೆ ತನ್ನ ತಲೆ ಸೇರಿಸಿಕೊಂಡು ಸುಮಾರು ನೂರು ವರ್ಷ ಸಮುದ್ರದ ತಳದಲ್ಲಿ, ಶವಪೆಟ್ಟಿಗೆಯಲ್ಲಿ ಬಿದ್ದಿರುತ್ತಾನೆ.

ಇಲ್ಲಿಂದ ಕಥೆ ನಿಜಕ್ಕೂ ಗಟ್ಟಿಯಾಗುತ್ತದೆ. ತಲೆ ಶತ್ರುವಿನದು, ಮೈ ಮುತ್ತಾತನದು. ಮೂರನೇ ಭಾಗದಲ್ಲಿ ಡಿಯೋ ಎದ್ದು ಬಂದು ಹೊಸ ಶಕ್ತಿ ಪಡೆದಾಗ, ಆ ಮೈ ಜೋಸ್ಟಾರ್ ಮೈ ಆದ್ದರಿಂದ, ಮನೆಯವರೆಲ್ಲರಲ್ಲೂ ಅದೇ ಶಕ್ತಿ ಎದ್ದುಬಿಡುತ್ತದೆ. ಮನಸ್ಸಿನ ಬಲವೇ ಒಂದು ಆಕಾರ ತಾಳಿ ಪಕ್ಕದಲ್ಲಿ ನಿಂತು ಹೋರಾಡುವುದು, ಅದಕ್ಕೆ ಇವರು ಸ್ಟ್ಯಾಂಡ್ ಅಂತಾರೆ. ಈ ಭಾಗದ ನಾಯಕ ಜೋತಾರೋ. ಅವನ ತಾಯಿಯ ಹೆಸರು ಹಾಲಿ, ಸಾಧು ಹೆಂಗಸು, ಅವಳಿಗೆ ಅದು ತಡೆಯಲಾಗದೆ ಜ್ವರ ಹಿಡಿದು ಮಲಗುತ್ತಾಳೆ. ಇರುವುದು ಐವತ್ತು ದಿನ, ಅಷ್ಟರಲ್ಲಿ ಡಿಯೋ ಸಾಯಬೇಕು. ನೀವು ಗಂಡುಹುಡುಗನ ತಾಯಿ, ನಿಮಗೆ ಇದು ಬೇಗ ತಟ್ಟುತ್ತದೆ: ಈ ಜೋತಾರೋ ಶುರುವಿನಲ್ಲಿ ತಾಯಿಗೆ ಎದುರು ಮಾತಾಡುವ, ಬಾಯಿ ಮುಚ್ಚು ಅನ್ನುವ ಹುಡುಗ. ಅದೇ ಹುಡುಗ, ಹಾಲಿಯ ಅಪ್ಪನೂ ಜೋನಥನ್‌ನ ಮೊಮ್ಮಗನೂ ಆದ ಅಜ್ಜ ಜೋಸೆಫ್ ಜೊತೆ ಟೋಕಿಯೋದಿಂದ ಕೈರೋವರೆಗೆ ಹೊರಡುತ್ತಾನೆ. ಇಡೀ ಪ್ರಯಾಣದಲ್ಲಿ ಅಮ್ಮನ ಬಗ್ಗೆ ಉದ್ದುದ್ದ ಮಾತಾಡಲ್ಲ. ಹೋಗ್ತಾನೆ ಅಷ್ಟೆ.

ದಾರಿಯಲ್ಲಿ ನಮ್ಮ ಕಲ್ಕತ್ತಾ, ಕಾಶಿ ಕೂಡ ಬರುತ್ತವೆ. ಕಲ್ಕತ್ತಾಕ್ಕೆ ಕಾಲಿಟ್ಟ ಕೂಡಲೇ ಭಿಕ್ಷುಕರ ಗುಂಪು, ದಾರಿಗಡ್ಡ ದನ. ಅದು ನನಗೆ ಹಿಡಿಸಲಿಲ್ಲ, ಹೊರಗಿನವರು ನೂರು ಸಲ ತೋರಿಸಿದ ಭಾರತ ಅದು. ಕಾಶಿಯಲ್ಲಿ ಜೋಸೆಫ್‌ನ ತೋಳಿನ ಮೇಲೆ ಎದ್ದ ಕುರು ಮುಖವಾಗಿ, ಬಾಯಿ ತೆರೆದು ಅವನನ್ನೇ ಅಣಕಿಸುವ ಎಪಿಸೋಡ್ ಮಾತ್ರ ಚೆನ್ನಾಗಿದೆ. ಈ ಭಾಗ 48 ಎಪಿಸೋಡ್, ಮಧ್ಯದಲ್ಲಿ ಎಳೆದಿದ್ದಾರೆ. ಊರಿಗೊಬ್ಬ ಶತ್ರು, ಹೊಡೆದಾಟ, ಮತ್ತೆ ಮುಂದಿನ ಊರು. ಹೆಂಗಸರಿಗೆ ಮಾಡೋಕೆ ಹೆಚ್ಚೇನೂ ಕೊಟ್ಟಿಲ್ಲ, ಹಾಲಿಯನ್ನು ಹಾಸಿಗೆಯಲ್ಲೇ ಮಲಗಿಸಿಬಿಟ್ಟಿದ್ದಾರೆ. ಹೋದ ಸಂಚಿಕೆಯಲ್ಲಿ ಇದನ್ನು ನಾನು ಬರೆಯಬೇಕಿತ್ತು.

ಆದರೆ ಕೈರೋದ ಆ ರಾತ್ರಿಗಾಗಿ ಅಷ್ಟನ್ನೂ ನೋಡಿ. ಡಿಯೋ ಜೋಸೆಫ್‌ನ ನೆತ್ತರು ಪೂರ್ತಿ ಹೀರಿಬಿಡುತ್ತಾನೆ. ಮೊಮ್ಮಗನ ಕಣ್ಣೆದುರಿಗೆ ಅಜ್ಜ ಒಣಗಿದ ಹೆಣ. ಹೋರಾಟ ಮುಗಿದು ಡಿಯೋ ಸತ್ತ ಮೇಲೆ, ಆಂಬುಲೆನ್ಸಿನಲ್ಲಿ ಇಬ್ಬರ ದೇಹಗಳನ್ನೂ ಮಲಗಿಸಿ, ಡಿಯೋನ ಮೈಯಿಂದ ನೆತ್ತರು ತೆಗೆದು ಅಜ್ಜನಿಗೆ ವಾಪಸ್ ಏರಿಸುತ್ತಾರೆ. ಜೋತಾರೋ ನಿಂತುಹೋದ ಎದೆಗೆ ತನ್ನ ಸ್ಟ್ಯಾಂಡಿನಿಂದ ಮತ್ತೆ ಬಡಿತ ತರಿಸುತ್ತಾನೆ. ಅಜ್ಜ ಕಣ್ಣು ಬಿಟ್ಟವನೇ ನಾನು ಡಿಯೋ ಅಂತ ಮೊಮ್ಮಗನಿಗೆ ಹೆದರಿಸಿ ಆಟ ಆಡಿಸುತ್ತಾನೆ! ನಾನು ನಕ್ಕೆ, ಕಣ್ಣೊರೆಸಿಕೊಂಡೆ, ಎರಡೂ.

ಎರಡನೇ ಪ್ರಶ್ನೆಗೆ ಉತ್ತರವೂ ಇಲ್ಲಿಂದಲೇ ಶುರು. ವ್ಯಾಂಪೈರ್ ಸತ್ತ, ಸರಿ. ಅವನು ಹಾಳು ಮಾಡಿ ಹೋದ ಮನೆಗಳು ಎಲ್ಲಿ ಹೋಗಬೇಕು? ನಾಲ್ಕನೇ ಭಾಗ 1999ರಲ್ಲಿ, ಮೋರಿಯೋ ಅನ್ನುವ ಜಪಾನಿನ ಸಣ್ಣ ಊರಿನಲ್ಲಿ ನಡೆಯುತ್ತದೆ. ಅಲ್ಲಿ ನಿಜಿಮುರಾ ಅಂತ ಅಣ್ಣ ತಮ್ಮ. ಅವರ ಅಪ್ಪ ಸಾಲದ ಹೊರೆಗೆ ಸಿಕ್ಕಿ, ದುಡ್ಡಿಗಾಗಿ ಡಿಯೋನ ಕೆಲಸಕ್ಕೆ ಸೇರಿ, ಆಳುಗಳನ್ನು ಹಿಡಿತದಲ್ಲಿಡೋಕೆ ಡಿಯೋ ತನ್ನ ಮೈಯಿಂದ ನೆಡುತ್ತಿದ್ದ ಮಾಂಸದ ಮೊಳಕೆಯನ್ನು ತಲೆಗೆ ನೆಡಿಸಿಕೊಂಡಿದ್ದ. ಡಿಯೋ ಸತ್ತಾಗ ಅದು ಹತೋಟಿ ತಪ್ಪಿತು. ಅಪ್ಪ ಮನುಷ್ಯನ ರೂಪ ಕಳೆದುಕೊಂಡ, ಮಕ್ಕಳ ಗುರುತೂ ಸಿಗದು, ಸಾಯುವುದೂ ಇಲ್ಲ. ಅಟ್ಟದಲ್ಲಿ ಸರಪಳಿ ಹಾಕಿ ಇಟ್ಟಿದ್ದಾರೆ. ಅವನು ದಿನಾ ಒಂದು ಪೆಟ್ಟಿಗೆಯೊಳಗೆ ಕೈ ಹಾಕಿ ಕೆದಕುತ್ತಾನೆ, ಎಲ್ಲ ಚೆಲ್ಲುತ್ತಾನೆ, ಮತ್ತೆ ಕೆದಕುತ್ತಾನೆ. ದೊಡ್ಡ ಮಗ ಅದಕ್ಕೆ ಒದೆಯುತ್ತಾನೆ. ಇವನನ್ನು ಕೊಲ್ಲಬಲ್ಲ ಯಾರಾದರೂ ಸಿಕ್ಕಿದರೆ ಸಾಕು ಅಂತ ಹುಡುಕುತ್ತಿದ್ದಾನೆ. ಕಥೆಯ ನಾಯಕ ಜೋಸುಕೆಗೆ ಒಡೆದದ್ದನ್ನು ಮೊದಲಿನಂತೆ ಮಾಡುವ ಶಕ್ತಿ ಇದೆ. ಅವನು ಆ ಪೆಟ್ಟಿಗೆಯ ತಳದಲ್ಲಿದ್ದ ಕಾಗದದ ಚೂರುಗಳನ್ನು ಕೂಡಿಸುತ್ತಾನೆ. ನೋಡಿದರೆ ಅದು ಮನೆಯವರೆಲ್ಲ ಒಟ್ಟಿಗೆ ನಿಂತ ಒಂದು ಫೋಟೋ. ಹತ್ತು ವರ್ಷ ಅವನು ಹುಡುಕುತ್ತಿದ್ದದ್ದು ಅದನ್ನೇ. ಫೋಟೋ ಎದೆಗೆ ಒತ್ತಿಕೊಂಡು ಆ ಜೀವ ಅಳುತ್ತದೆ.

ನಮ್ಮ ಅಪ್ಪನಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು. ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆಯೆಲ್ಲ ಎಳೆದು ನೆಲಕ್ಕೆ ಹಾಕುತ್ತಿದ್ದರು. ಸುಮ್ನೆ ಮಾಡ್ತಾರೆ ಅಂತ ನಾನು ಗದರುತ್ತಿದ್ದೆ. ಏನು ಹುಡುಕ್ತಿದ್ದೀರಿ ಅಪ್ಪ ಅಂತ ಒಂದು ಸಲವೂ ಕೇಳಲಿಲ್ಲ. ಆ ಎಪಿಸೋಡ್ ನೋಡಿ ಮುಗಿದ ಮೇಲೆ ಸುಮಾರು ಹೊತ್ತು ನಾನು ಏಳಲೇ ಇಲ್ಲ.

ಇದೇ ಜೋಸುಕೆ, ಜೋಸೆಫ್ ಹೆಂಡತಿಗೆ ಗೊತ್ತಿಲ್ಲದೆ ಪಡೆದ ಮಗ. ಹದಿನಾರು ವರ್ಷ ಅಪ್ಪನ ಮುಖ ನೋಡಿಲ್ಲ. ಬೆಳೆಸಿದವರು ಅಮ್ಮ ಮತ್ತು ಪೊಲೀಸ್ ಕೆಲಸದಲ್ಲಿದ್ದ ತಾತ. ಆ ತಾತ ಕೊಲೆಯಾದಾಗ ಜೋಸುಕೆ ಗಾಯ ಮುಚ್ಚುತ್ತಾನೆ, ಚರ್ಮ ಕೂಡಿಕೊಳ್ಳುತ್ತದೆ, ತಾತ ಮಾತ್ರ ಏಳುವುದಿಲ್ಲ. ಆಮೇಲೆ ಎಂಬತ್ತರ ಹತ್ತಿರದ ಜೋಸೆಫ್ ಕೋಲೂರಿಕೊಂಡು ಆ ಊರಿಗೆ ಬರುತ್ತಾನೆ. ಅಪ್ಪ ಅನ್ನೋಕೆ ಮಗನಿಗೆ ಬಾಯಿ ಬರಲ್ಲ. ಇಬ್ಬರಿಗೂ ದಾರಿಯಲ್ಲಿ ಕಣ್ಣಿಗೆ ಕಾಣದ ಒಂದು ಮಗು ಸಿಗುತ್ತದೆ, ಸ್ಟ್ಯಾಂಡ್ ಶಕ್ತಿಯಿಂದ ಹಾಗಾದದ್ದು. ಅದು ಜಾರಿ ಕೊಳಕ್ಕೆ ಬೀಳುತ್ತದೆ. ಕಾಣದ ಮಗುವನ್ನು ನೀರಲ್ಲಿ ಎಲ್ಲಿ ಅಂತ ಹುಡುಕುವುದು? ಮುದುಕ ಹಿಂದೆ ಮುಂದೆ ನೋಡದೆ ತನ್ನ ಮಣಿಕಟ್ಟು ಕೊಯ್ದುಕೊಂಡು ನೆತ್ತರನ್ನು ನೀರಿಗೆ ಬಿಡುತ್ತಾನೆ. ನೀರು ಕೆಂಪಾಗುತ್ತದೆ, ಮಗು ಇರುವ ಜಾಗ ಗೊತ್ತಾಗುತ್ತದೆ. ಮಗನೆದುರು ಒಂದಿಷ್ಟು ಚೆನ್ನಾಗಿ ಕಾಣಬೇಕು ಅನ್ನಿಸಿತು ಅಂತಾನೆ. ಹತ್ತು ವರ್ಷದ ಹಿಂದೆ ಕೈರೋದಲ್ಲಿ ಈ ಮನುಷ್ಯನ ಮೈಯಿಂದ ಹೀರಿದ್ದ, ಆಮೇಲೆ ವಾಪಸ್ ಬಂದಿದ್ದ ನೆತ್ತರು ಅದು. ಯಾರದೋ ಮಗುವಿಗೆ ಕೊಟ್ಟ. ವ್ಯಾಂಪೈರ್ ಇಲ್ಲದ ಭಾಗದಲ್ಲೇ ಈ ದೃಶ್ಯ ಇದೆ, ಮೇಡಂ. ಅದಕ್ಕೇ ಮೂರನೇ ಭಾಗಕ್ಕೆ ನಿಲ್ಲಿಸಬೇಡಿ ಅಂತೀನಿ.

ಐದನೇ ಭಾಗದ ಹುಡುಗ ಜೋರ್ನೊ, ಡಿಯೋನ ಮಗ. ಆದರೆ ಮೈ ಜೋನಥನ್‌ನದಾಗಿತ್ತಲ್ವಾ, ಹಾಗಾಗಿ ಜೋಸ್ಟಾರ್ ಕುಡಿಯೂ ಹೌದು. ರಾತ್ರಿ ಕತ್ತಲಲ್ಲಿ ಒಂಟಿ ಬಿಟ್ಟು ಹೋಗುತ್ತಿದ್ದ ತಾಯಿ, ಹೊಡೆಯುತ್ತಿದ್ದ ಮಲತಂದೆ. ಬೆಳೆದು ಇಟಲಿಯಲ್ಲಿ ಮಾಫಿಯಾ ಸೇರುತ್ತಾನೆ, ಮಕ್ಕಳಿಗೆ ಡ್ರಗ್ಸ್ ಮಾರುವುದನ್ನು ಒಳಗಿಂದಲೇ ನಿಲ್ಲಿಸಬೇಕು ಅಂತ. ಎರಡು ಮನೆಯ ಗುಣ ಒಂದೇ ಹುಡುಗನಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವುದೇ ಒಂದು ಸುಖ. ಆರನೆಯದು 2011ರ ಫ್ಲೋರಿಡಾ ಜೈಲು, ಜೋತಾರೋನ ಮಗಳು ಜೋಲಿನ್. ಅಮ್ಮನಿಗಾಗಿ ಕೈರೋವರೆಗೆ ಹೋದ ಹುಡುಗ, ಮಗಳಿಗೆ ಜ್ವರ ಬಂದಾಗ ಮನೆಗೆ ಬರದ ಅಪ್ಪನಾಗಿದ್ದಾನೆ. ಮಗಳಿಗೆ ಅವನ ಮೇಲೆ ಇರುವ ಸಿಟ್ಟು ನ್ಯಾಯವಾದದ್ದು, ಕಥೆ ಅದನ್ನು ಸುಲಭಕ್ಕೆ ಕರಗಿಸಿಬಿಡುವುದಿಲ್ಲ. ಕೊನೆ ಏನಾಗುತ್ತದೆ ಅಂತ ನೀವು ಕೇಳಿದ್ದರೂ ಅದೊಂದನ್ನು ಹೇಳಲಾರೆ. ಅದನ್ನು ಮಗನ ಜೊತೆ ಕೂತೇ ನೋಡಬೇಕು.

ಇನ್ನು ಚಿಕ್ಕವಳ ವಿಷಯ. ಬೇಡ. ಎಂಟು ವರ್ಷದ ಮಗುವಿಗೆ ಡ್ಯಾನಿಯ ಸಾವೊಂದೇ ಸಾಕು, ವಾರಗಟ್ಟಲೆ ನಿದ್ದೆ ಬರಲ್ಲ. ಮುಂದೆ ಅದಕ್ಕಿಂತ ಜೋರಾದದ್ದು ಬೇಕಾದಷ್ಟಿದೆ. ಅವಳು ಮಲಗಿದ ಮೇಲೆ ನೀವಿಬ್ಬರು ದಿನಕ್ಕೆರಡು ನೋಡಿ. ಮೂರನೇ ಭಾಗದ ಮಧ್ಯೆ ಬೇಸರ ಬಂದರೆ ಒಂದೆರಡು ಎಪಿಸೋಡ್ ಹಾರಿಸಿದರೂ ತೊಂದರೆ ಇಲ್ಲ, ಯಾವುದನ್ನು ಹಾರಿಸಬಹುದು ಅಂತ ಮಗನನ್ನೇ ಕೇಳಿ. ಕೊಳದ ಎಪಿಸೋಡ್ ಮುಟ್ಟಿದ ದಿನ ನನಗೊಂದು ಕಾರ್ಡ್ ಹಾಕಿ.

— ಸಂ.